ಹೊಸ ಮಡಚುವ ಟ್ರೇಲರ್: ಮೊದಲ ತಿಂಗಳ ತಕರಾರುಗಳ ಮೂಲ ಹುಡುಕುವ ಬಗೆ

ಮಡಚುವ ಟ್ರೇಲರ್ ಅಂದರೆ ಕಾರಿನ ಹಿಂದೆ ಎಳೆದೊಯ್ದು, ನಿಲ್ಲಿಸಿದಲ್ಲಿ ಚಾವಣಿ ಎತ್ತಿ, ಹಾಸಿಗೆಯ ಹಲಗೆ ಹೊರಗೆಳೆದು, ಕ್ಯಾನ್ವಾಸ್ ಗೋಡೆಯೊಳಗೆ ಮಲಗುವ ಗಾಡಿ. ಅದು ಮನೆಗೆ ಬಂದ ಮೊದಲ ತಿಂಗಳಲ್ಲಿ ತಕರಾರುಗಳು ಒಂದರ ಹಿಂದೆ ಒಂದು ಬರುತ್ತವೆ. ಬಾಗಿಲು ಕೂರುವುದಿಲ್ಲ. ಚಾವಣಿಯ ಒಂದು ಮೂಲೆ ಮೇಲೇಳುವುದಿಲ್ಲ. ಹೊಲಿಗೆಯಲ್ಲಿ ನೀರು ಜಿನುಗುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಿಣುಕುತ್ತವೆ. ಮಾರಿದವರು ದೂರದ ಊರಿನಲ್ಲಿರುತ್ತಾರೆ, ಫೋನ್ ಮಾಡಿದರೆ "ತಂದು ಬಿಡಿ, ನೋಡೋಣ" ಅನ್ನುತ್ತಾರೆ. ಆದರೆ ದಾವಣಗೆರೆ, ಚಿತ್ರದುರ್ಗದ ಕಡೆಯವರು ಅಷ್ಟು ದೂರ ಎಳೆದುಕೊಂಡು ಹೋಗಬೇಕಾದ ಪ್ರಸಂಗ ಬಹಳ ಕಡಿಮೆ. ಈ ಗಾಡಿಯಲ್ಲಿರುವುದೆಲ್ಲ ನಮ್ಮ ಊರಿನ ಕೈಗಳಿಗೆ ಗೊತ್ತಿರುವ ಕೆಲಸವೇ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರಿಗೆ ಚಾಸಿಸ್ಸು, ಬೇರಿಂಗು ಹೊಸತಲ್ಲ, ತಾಡಪಾಲು ಹೊಲಿಯುವವರಿಗೆ ಕ್ಯಾನ್ವಾಸ್ ಹೊಸತಲ್ಲ, ದಾವಣಗೆರೆಯ ಪಿ.ಬಿ. ರಸ್ತೆಯ ಆಟೋ ಎಲೆಕ್ಟ್ರಿಷಿಯನ್‌ಗೆ ವೈರಿಂಗ್ ಹೊಸತಲ್ಲ. ದೋಷ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಕೆಲಸ ಮಾತ್ರ ಮಾಲೀಕರದ್ದು. ಅದನ್ನು ಮಾಡದೆ "ಏನೋ ಸರಿಯಿಲ್ಲ" ಎಂದು ಗಾಡಿ ಬಿಟ್ಟು ಬಂದರೆ ಸರಿಯಿದ್ದದ್ದನ್ನೂ ಬಿಚ್ಚಿ ಹಾಕುತ್ತಾರೆ.

ಈ ಬರಹದ ಮುಖ್ಯ ಮಾತು ಇಷ್ಟೇ: ಮೊದಲು ಮಟ್ಟ ನೋಡಿ, ಸ್ಪ್ಯಾನರ್ ಆಮೇಲೆ. ಹೊಸ ಗಾಡಿಯ ತಕರಾರುಗಳಲ್ಲಿ ಬಹುಪಾಲು, ಗಾಡಿ ನಿಂತ ನೆಲದಿಂದಲೋ ನಿಲ್ಲಿಸಿದ ರೀತಿಯಿಂದಲೋ ಹುಟ್ಟುವಂಥವು. ಮೊದಲ ಸಲ ಬಿಚ್ಚುವುದನ್ನು ಮನೆಯ ಮುಂದೆಯೇ, ಹಗಲು ಹೊತ್ತಿನಲ್ಲೇ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಗೊತ್ತಾಗುವುದೇ ಇಲ್ಲ.

ಬಾಗಿಲು ಕೂರುವುದಿಲ್ಲ, ಹಾಸಿಗೆಯ ಹಲಗೆ ಜಾರುವುದಿಲ್ಲ

ಇವೆರಡೂ ಒಟ್ಟಿಗೆ ಕಾಣಿಸಿಕೊಂಡರೆ ಬಾಗಿಲಿಗೂ ಕೈ ಹಚ್ಚಬೇಡಿ, ಹಲಗೆಗೂ ಹಚ್ಚಬೇಡಿ. ಹೆಚ್ಚಿನ ಸಲ ಕೆಳಗಿನ ಚಾಸಿಸ್ ತಿರುಚಿಕೊಂಡಿರುತ್ತದೆ. ತಿರುಚುವುದು ನಾಲ್ಕು ಮೂಲೆಯ ಜ್ಯಾಕಿಗಳು. ಅವನ್ನು ಕೊಟ್ಟಿರುವುದು ಒಳಗೆ ಓಡಾಡುವಾಗ ಗಾಡಿ ಅಲುಗದಂತೆ ಹಿಡಿಯಲಿಕ್ಕೆ. ಗಾಡಿ ಎತ್ತಲಿಕ್ಕೆ ಅಲ್ಲ. ತಗ್ಗಿನಲ್ಲಿರುವ ಮೂಲೆಯನ್ನು ಜ್ಯಾಕಿಯಿಂದಲೇ ಎತ್ತಿ ಮಟ್ಟ ಮಾಡಿದರೆ ಆ ಒಂದು ಮೂಲೆ ಮೇಲೆ ಹೋಗುತ್ತದೆ, ಉಳಿದ ಮೂರು ಇದ್ದಲ್ಲೇ ಇರುತ್ತವೆ. ಬಾಗಿಲ ಚೌಕಟ್ಟು ಆಗ ಚೌಕವಾಗಿ ಉಳಿಯುವುದಿಲ್ಲ.

ಪರೀಕ್ಷೆ ಸುಲಭ. ಟೇಪು ಹಿಡಿದು ಬಾಗಿಲ ಚೌಕಟ್ಟನ್ನು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಇದ್ದರೆ ಚೌಕಟ್ಟು ಸರಿಯಿದೆ, ಆಗ ಕೀಲು, ಚಿಲಕದ ಕಡೆ ನೋಡಿ. ಬೇರೆ ಬೇರೆ ಬಂದರೆ ನಾಲ್ಕೂ ಜ್ಯಾಕಿ ಸಡಿಲಿಸಿ, ಗಾಡಿಯ ಭಾರವನ್ನು ಗಾಲಿಗಳ ಮೇಲೆ ಬಿಟ್ಟು ಮತ್ತೆ ಅಳೆಯಿರಿ. ಈಗ ಹೊಂದಿದರೆ ತಪ್ಪು ಜ್ಯಾಕಿಯದ್ದು. ನಮ್ಮ ಗಾಡಿ ನೋಡಿದ ಮೇಸ್ತ್ರಿಯ ಮೊದಲ ಮಾತೂ ಇದೇ ಆಗಿತ್ತು: "ಸರ, ಬಾಗ್ಲು ಉಜ್ಜಬ್ಯಾಡ್ರಿ, ಮೊದ್ಲು ಜ್ಯಾಕಿ ಸಡ್ಲ ಮಾಡ್ರಿ." ಸಿಮೆಂಟ್ ನೆಲದ ಮೇಲೆ, ಜ್ಯಾಕಿ ಇಲ್ಲದೆಯೂ ಅಳತೆ ಹೊಂದದಿದ್ದರೆ ಅದು ವೆಲ್ಡಿಂಗ್‌ನಲ್ಲೇ ಬಂದ ದೋಷ. ಅದನ್ನು ಮಾರಿದವರೇ ಸರಿಪಡಿಸಬೇಕು.

ನಿಲ್ಲಿಸುವ ಕ್ರಮ ಹೀಗಿರಲಿ. ಗಾಡಿ ಇನ್ನೂ ಕಾರಿಗೆ ಕೊಂಡಿಯಲ್ಲಿದ್ದಾಗಲೇ ರಸಮಟ್ಟವನ್ನು ಅಡ್ಡಲಾಗಿ ಇಟ್ಟು, ತಗ್ಗಿರುವ ಕಡೆಯ ಗಾಲಿಯ ಕೆಳಗೆ ಹಲಗೆ ಕೊಟ್ಟು ಹತ್ತಿಸಿ. ಎಡಬಲ ಮಟ್ಟವಾದ ಮೇಲೆ ಎರಡೂ ಗಾಲಿಗೆ ಹಿಂದೆ ಮುಂದೆ ಅಡ್ಡಕಲ್ಲು ಕೊಡಿ. ಕಲ್ಲು ಕೊಟ್ಟ ಮೇಲಷ್ಟೇ ಕೊಂಡಿ ಬಿಚ್ಚಿ. ಮೂತಿಯ, ಅಂದರೆ ಗಾಡಿಯ ಮುಂತುದಿಯ, ಸಣ್ಣ ಗಾಲಿಯ ಹಿಡಿ ತಿರುಗಿಸಿ ಹಿಂದುಮುಂದಿನ ಮಟ್ಟ ಮಾಡಿ. ಕಡೆಗೆ ಮೂಲೆ ಜ್ಯಾಕಿಗಳನ್ನು ನೆಲಕ್ಕೆ ತಾಗಿಸಿ, ಕೈಯಲ್ಲಿ ಸ್ವಲ್ಪ ಬಿಗಿ ಬಂದೊಡನೆ ನಿಲ್ಲಿಸಿ.

ಸಂಜೆ ಸರಿಯಿದ್ದದ್ದು ಬೆಳಿಗ್ಗೆ ಕೆಟ್ಟಿದ್ದರೆ ನೆಲ ನೋಡಿ. ಜಗಳೂರು, ಹಿರಿಯೂರು ಕಡೆಯ ಎರೆ ಮಣ್ಣಿನಲ್ಲಿ ಇದು ಮಾಮೂಲು. ಒಣಗಿದ ಎರೆ ಕಲ್ಲಿನಂತೆ ಕಾಣುತ್ತದೆ, ರಾತ್ರಿ ಒಂದು ಮಳೆ ಬಿದ್ದರೆ ಜ್ಯಾಕಿಯ ಪಾದ ಅದರೊಳಗೆ ಇಳಿದುಬಿಡುತ್ತದೆ. ಎಲ್ಲ ಮೂಲೆ ಒಂದೇ ಸಮ ಇಳಿದರೆ ಚಿಂತೆಯಿಲ್ಲ, ಆದರೆ ಹಾಗೆ ಇಳಿಯುವುದು ಅಪರೂಪ. ಪ್ರತಿ ಪಾದದ ಕೆಳಗೆ ಒಂದಡಿ ಚೌಕದ ದಪ್ಪ ಹಲಗೆ ಇಟ್ಟರೆ ಭಾರ ಹಂಚಿಹೋಗುತ್ತದೆ. ಚಿತ್ರದುರ್ಗದ ಸುತ್ತಿನ ಗೊರಚು ನೆಲದಲ್ಲಿ ಈ ತೊಂದರೆ ಕಡಿಮೆ.

ಚಾವಣಿಯ ಒಂದು ಮೂಲೆ ಹಿಂದೆ ಬೀಳುತ್ತದೆ

ಮೊದಲು ಯಂತ್ರ ಅರ್ಥವಾಗಬೇಕು. ವಿಂಚಿನ ಹಿಡಿ ತಿರುಗಿಸಿದಾಗ ಒಂದು ಉಕ್ಕಿನ ಕೇಬಲ್ ಸುತ್ತಿಕೊಳ್ಳುತ್ತದೆ. ಚಾಸಿಸ್ ಕೆಳಗೆ ಆ ಕೇಬಲ್ ಒಂದು ಪಟ್ಟಿಯನ್ನು ಎಳೆಯುತ್ತದೆ. ಆ ಪಟ್ಟಿಯಿಂದ ನಾಲ್ಕು ಕೇಬಲ್‌ಗಳು ರಾಟೆಗಳ ಮೇಲೆ ಹಾದು ನಾಲ್ಕು ಮೂಲೆಯ ಕಂಬಗಳಿಗೆ ಹೋಗುತ್ತವೆ. ಒಂದರೊಳಗೊಂದು ಕೂತ ಕೊಳವೆಗಳು ಮೇಲೇಳುವುದು ಹೀಗೆ. ಕಂಪನಿಯಿಂದ ಕಂಪನಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದರೂ ಇದೇ ಏರ್ಪಾಡು ಬಹಳ ಕಡೆ ಇದೆ. ಅಂದರೆ ನಾಲ್ಕೂ ಮೂಲೆಗೆ ತಾಗುವ ತೊಂದರೆ ವಿಂಚಿನಲ್ಲೋ ನಡುವಿನ ಪಟ್ಟಿಯಲ್ಲೋ ಇರುತ್ತದೆ. ಒಂದೇ ಮೂಲೆಯ ತೊಂದರೆ ಆ ಮೂಲೆಯ ಕೇಬಲ್, ರಾಟೆ, ಕಂಬ ಈ ಮೂರರಲ್ಲಿ ಒಂದರಲ್ಲಿ ಇರುತ್ತದೆ.

ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಚಾವಣಿ ಅರ್ಧ ಎದ್ದಿರುವಾಗ ತಲೆ, ಕೈ ಯಾವುದನ್ನೂ ಅದರ ಕೆಳಗೆ ತೂರಿಸಬೇಡಿ. ಆಧಾರಕ್ಕೆ ನಾಲ್ಕು ಮರದ ಗಳುಗಳನ್ನು ಎತ್ತರಕ್ಕೆ ಸರಿಯಾಗಿ ಕೊಯ್ಸಿ ಗಾಡಿಯಲ್ಲೇ ಇಟ್ಟುಕೊಳ್ಳಿ. ಮಕ್ಕಳು ಹತ್ತಿರ ಇದ್ದರೆ ಹಿಡಿ ಮುಟ್ಟಲೇಬೇಡಿ.

ಹಿಡಿ ತಿರುಗಿಸಿದರೂ ಚಾವಣಿ ಅಲುಗದಿದ್ದರೆ, ನಾಲ್ಕು ಮೂಲೆಯ ಕೊಕ್ಕೆಗಳು ಬಿಚ್ಚಿವೆಯೇ ನೋಡಿ. ಒಂದು ಕೊಕ್ಕೆ ಉಳಿದಿದ್ದಾಗ ಬಲವಂತ ಮಾಡಿದರೆ ಕಂಬ ಬಾಗುತ್ತದೆ, ಆ ಕಂಬ ಮತ್ತೆಂದೂ ನೆಟ್ಟಗೆ ಜಾರುವುದಿಲ್ಲ.

ಒಂದು ಮೂಲೆ ಮೊದಲಿನಿಂದಲೂ ಎರಡು ಬೆರಳಷ್ಟು ಕೆಳಗೇ ಇದ್ದು ಕಡೆಯವರೆಗೂ ಅಷ್ಟೇ ವ್ಯತ್ಯಾಸ ಉಳಿಸಿಕೊಂಡು ಏಳುತ್ತಿದ್ದರೆ ಕೇಬಲ್ ಸಡಿಲವಾಗಿದೆ. ಹೊಸ ಉಕ್ಕಿನ ಕೇಬಲ್ ಮೊದಲ ಕೆಲವು ಎಳೆತಗಳಲ್ಲಿ ಹಿಗ್ಗುವುದು ಸಹಜ. ಆ ಕೇಬಲ್ಲಿನ ತುದಿಯ ತಿರುಪಿನ ನಟ್ಟನ್ನು ಬಿಗಿದು ಎಳೆದುಕೊಂಡರೆ ಸಾಕು. ಸರಿಯಾಗಿ ಎದ್ದು ನಡುವೆ ಒಂದೇ ಜಾಗದಲ್ಲಿ ನಿಂತುಬಿಡುವ ಮೂಲೆಯ ಕಥೆ ಬೇರೆ. ಅಲ್ಲಿ ಕೊಳವೆಯೊಳಗೆ ದೂಳು ಕಟ್ಟಿದೆ, ಇಲ್ಲವೇ ಕೊಳವೆ ಬಾಗಿದೆ. ಬೇಸಗೆಯ ನಮ್ಮ ಮಣ್ಣು ರಸ್ತೆಗಳ ದೂಳು ಎಲ್ಲಿಗೂ ನುಗ್ಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕೊಳವೆ ಒರೆಸಿ, ಒಣಗಿಸಿ, ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಹಚ್ಚಬೇಡಿ. ಗ್ರೀಸಿಗೆ ದೂಳು ಅಂಟಿ ಅರೆಯುವ ಲೇಪವಾಗುತ್ತದೆ, ಕೊಳವೆ ಗೀಚಿ ಹೋಗುತ್ತದೆ. ವಿಂಚಿನ ಹಲ್ಲಿನ ಚಕ್ರಕ್ಕೆ ಮಾತ್ರ ಗ್ರೀಸ್ ಬೇಕು.

ಒಂದೇ ಕಡೆಯ ಎರಡು ಮೂಲೆ ಹಿಂದೆ ಬಿದ್ದರೆ, ಮತ್ತೆ ರಸಮಟ್ಟ. ವಾಲಿ ನಿಂತ ಗಾಡಿಯಲ್ಲಿ ಕೊಳವೆಗಳು ಓರೆಯಾಗಿ ಉಜ್ಜಿಕೊಂಡು ಏಳುತ್ತವೆ.

ಇಳಿಸುವಾಗ ಒಂದು ಮೂಲೆ ಮೇಲೆಯೇ ಸಿಕ್ಕಿಕೊಂಡರೆ ಹಿಡಿ ತಿರುಗಿಸುವುದನ್ನು ಆ ಕ್ಷಣ ನಿಲ್ಲಿಸಿ. ತಿರುಗಿಸುತ್ತಲೇ ಹೋದರೆ ಕೇಬಲ್ ಜೋತುಬಿದ್ದು ರಾಟೆಯಿಂದ ಹಾರುತ್ತದೆ, ಅಲ್ಲಿಂದ ಮುಂದಿನದು ಚಾಸಿಸ್ ಕೆಳಗೆ ಮಲಗಿ ಮಾಡುವ ಕೆಲಸ. ಹೊರಗಿನಿಂದ ಆ ಮೂಲೆಯನ್ನು ಕೈಯಲ್ಲಿ ಒತ್ತಿ, ಕೇಬಲ್ ಮತ್ತೆ ಬಿಗಿಯಾದ ಮೇಲೆ ಮುಂದುವರಿಸಿ. ಚಾವಣಿ ಪೂರ್ತಿ ಇಳಿದಾಗಲೂ ವಿಂಚಿನ ಉರುಳೆಯ ಮೇಲೆ ಮೂರು ನಾಲ್ಕು ಸುತ್ತು ಕೇಬಲ್ ಉಳಿದಿರಬೇಕು. ಕೇಬಲ್ಲಿನ ಎಳೆ ಕಡಿದಿದೆಯೇ ಎಂದು ನೋಡಲು ಹಳೆ ಬಟ್ಟೆ ಸುತ್ತಿ ಉದ್ದಕ್ಕೂ ಎಳೆಯಿರಿ. ಎಳೆ ಎದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಚರ್ಮ ಸೀಳುತ್ತದೆ. ಎಳೆ ಕಡಿದ ಕೇಬಲ್ಲಿಗೆ ರಿಪೇರಿ ಇಲ್ಲ, ಬದಲಿಸಬೇಕು.

ಕ್ಯಾನ್ವಾಸ್ ಒಳಗೆ ನೀರು

ಇದರಲ್ಲಿ ಜನ ಬಹಳ ನೋಯುತ್ತಾರೆ. ಇಷ್ಟು ದುಡ್ಡು ಕೊಟ್ಟು ತಂದದ್ದು ಮೊದಲ ಮಳೆಗೇ ಸೋರಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನೀರು ಎಲ್ಲಿ ಕಂಡಿತು, ಹೇಗೆ ಕಂಡಿತು ಎಂಬುದರಲ್ಲೇ ಉತ್ತರ ಇದೆ.

ಹೊಲಿಗೆಯ ಗೆರೆಯಲ್ಲೇ ಹನಿಗಳು ಸಾಲಾಗಿ ಕೂತಿವೆಯೇ? ಹಾಗಿದ್ದರೆ ಅದು ಸೂಜಿ ತೂತು. ಹತ್ತಿಯ ಅಥವಾ ಹತ್ತಿ ಬೆರೆತ ಕ್ಯಾನ್ವಾಸ್‌ನಲ್ಲಿ ಹೊಸದರಲ್ಲಿ ಇದು ದೋಷವೇ ಅಲ್ಲ. ನೂಲು ನೆನೆದಾಗ ಉಬ್ಬುತ್ತದೆ, ಉಬ್ಬಿ ಸೂಜಿ ತೂತನ್ನು ತುಂಬಿಕೊಳ್ಳುತ್ತದೆ. ಅದಕ್ಕೇ ಹೊಸ ಕ್ಯಾನ್ವಾಸನ್ನು ಪ್ರವಾಸಕ್ಕೆ ಮೊದಲೇ ಪಳಗಿಸಬೇಕು. ಮನೆಯ ಮುಂದೆ ಬಿಚ್ಚಿ ನಿಲ್ಲಿಸಿ, ಪೈಪಿನಿಂದ ಸಣ್ಣಗೆ ನೀರು ಬಿಟ್ಟು ಪೂರ್ತಿ ನೆನೆಸಿ, ಪೂರ್ತಿ ಒಣಗಲು ಬಿಡಿ. ಹೀಗೆ ಎರಡು ಮೂರು ಸಲ ಮಾಡಿದರೆ ಹೊಲಿಗೆ ಮುಚ್ಚಿಕೊಳ್ಳುತ್ತದೆ. ಮೊದಲ ನೆನೆಸುವಿಕೆಯಲ್ಲಿ ಒಳಗಿನಿಂದ ನೋಡುತ್ತಾ ನಿಂತರೆ ಹನಿಗಳು ದಾರದ ಒಂದೊಂದು ಹೊಲಿಗೆಯ ತುದಿಯಲ್ಲೂ ಸಾಸಿವೆ ಕಾಳಿನಷ್ಟು ಕಾಣಿಸಿಕೊಂಡು, ಒಂದಕ್ಕೊಂದು ಕೂಡಿ, ಗೆರೆಗುಂಟ ಕೆಳಗೆ ಜಾರುತ್ತವೆ. ಕಡೆಯ ಸಲಕ್ಕೆ ಅದೇ ಹೊಲಿಗೆ ಬಣ್ಣ ಮಾತ್ರ ಗಾಢವಾಗಿ, ಹನಿ ಬಿಡದೆ ನಿಲ್ಲುತ್ತದೆ.

ನಿಮ್ಮದು ಹತ್ತಿಯದೋ ಅಲ್ಲವೋ ಗೊತ್ತಿಲ್ಲದಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಗಾಡಿಯಿಂದ ದೂರ ಹೋಗಿ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಈ ಪರೀಕ್ಷೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ಲಾಸ್ಟಿಕ್ ಲೇಪದ ಬಟ್ಟೆ ಉಬ್ಬುವುದಿಲ್ಲ, ನೆನೆಸಿ ಪ್ರಯೋಜನವಿಲ್ಲ; ಅದಕ್ಕೆ ಹೊಲಿಗೆಗೆ ಹಚ್ಚುವ ಸೀಲರ್ ಬೇಕು.

ಹೊಲಿಗೆ ಇಲ್ಲದ ಕಡೆ, ಬಟ್ಟೆಯ ಒಳಮೈ ತುಂಬಾ, ಬೆಳಗಿನ ಜಾವ ತೇವ ಕಂಡರೆ ಅದು ಸೋರಿಕೆಯಲ್ಲ, ಒಳಗೆ ಮಲಗಿದವರ ಉಸಿರಿನ ತೇವ. ಮಳೆ ಬಾರದ ರಾತ್ರಿಯೂ ಹೀಗಾಗುತ್ತದೆ, ಧನುರ್ಮಾಸದ ಚಳಿಯಲ್ಲಂತೂ ಖಂಡಿತ. ಹಾಸಿಗೆ ಎತ್ತಿ ಹಲಗೆ ಮುಟ್ಟಿ ನೋಡಿ. ಅಲ್ಲೂ ತೇವ ಇದ್ದರೆ ಸಂಶಯವೇ ಬೇಡ. ಎದುರುಬದುರು ಎರಡು ಕಿಟಕಿ ನಾಲ್ಕು ಬೆರಳಷ್ಟು ತೆರೆದಿಟ್ಟು ಮಲಗಿ.

ಒಂದೇ ಒಂದು ಜಾಗದಲ್ಲಿ ಮಚ್ಚೆಯಂತೆ ನೆನೆದಿದ್ದರೆ ಮಳೆಯಲ್ಲಿ ಅಲ್ಲಿಗೆ ಒಳಗಿನಿಂದ ಏನೋ ತಾಗಿದೆ: ದಿಂಬು, ಚೀಲ, ಯಾರದೋ ಬೆನ್ನು. ಇನ್ನೊಂದು ಕಾರಣ ಸೋಪು. ಕ್ಯಾನ್ವಾಸನ್ನು ಡಿಟರ್ಜೆಂಟ್ ಹಾಕಿ ತೊಳೆದರೆ ನೀರು ತಡೆಯುವ ಲೇಪ ಹೋಗುತ್ತದೆ. ಒಣ ಬ್ರಷ್, ಬೇಕೆನಿಸಿದರೆ ತಣ್ಣೀರು, ಅಷ್ಟೇ ಸಾಕು.

ಒದ್ದೆಯಾಗಿ ಮಡಚಲೇಬೇಕಾಗಿ ಬಂದರೆ ಮನೆ ಮುಟ್ಟಿದ ಮಾರನೆಯ ದಿನವೇ ಬಿಚ್ಚಿ ಒಣಗಿಸಿ. ಬೂಷ್ಟಿನ ಕಪ್ಪು ಚುಕ್ಕೆ ಒಮ್ಮೆ ಕೂತರೆ ಹೋಗುವುದಿಲ್ಲ. ಮಳೆ ಕಡಿಮೆಯಿರುವ ಚಿತ್ರದುರ್ಗದ ಬಿಸಿಲು ಈ ಕೆಲಸಕ್ಕೆ ವರ.

ಆಷಾಢದ ಗಾಳಿಯಲ್ಲಿ ಕ್ಯಾನ್ವಾಸ್ ರಾತ್ರಿಯೆಲ್ಲ ಪಟಪಟ ಬಡಿದರೆ, ಜಿಪ್ಪು ಮೂಲೆಯಲ್ಲಿ ಬಿಟ್ಟುಕೊಂಡರೆ, ಗಾಡಿ ತಿರುಗಿಸಿ ನಿಲ್ಲಿಸಿ. ಚಿತ್ರದುರ್ಗದ ಜೋಗಿಮಟ್ಟಿಯ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಮುಂಗಾರಿನಲ್ಲಿ ಪಡುವಣದಿಂದ ಬೀಸುವ ಗಾಳಿ ಅಷ್ಟು ಜೋರು. ಗಾಡಿಯ ಮೂತಿ ಗಾಳಿಗೆ ಎದುರಾಗಿರಲಿ, ಅಗಲದ ಮೈ ಒಡ್ಡಬೇಡಿ. ಬಿಗಿಯಾಗುವ ಜಿಪ್ಪಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಎಳೆದಾಡಿ ಮುಚ್ಚಬೇಕಾಗಿ ಬರುವ ಜಿಪ್ಪು ಚಾವಣಿ ವಾಲಿದೆ ಎಂಬುದರ ಗುರುತು. ತೋಟದಲ್ಲಿ ಇಳಿಯುವವರು ತೆಂಗಿನ ಮರದ ಕೆಳಗೆ ನಿಲ್ಲಿಸಲೇಬೇಡಿ. ಒಂದು ಒಣ ಗರಿ ಸಾಕು, ಚಾವಣಿ ತೂತಾಗಲು.

ದೀಪಗಳ ಗೊಂದಲ

ಎಡ ಇಂಡಿಕೇಟರ್ ಹಾಕಿದರೆ ಬಲದ್ದೂ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗುತ್ತದೆ. ಇಂಥ ತಲೆಬುಡವಿಲ್ಲದ ಲಕ್ಷಣ ಕಂಡರೆ ಬಲ್ಬು, ಫ್ಯೂಸು ಬಿಟ್ಟು ನೇರ ಅರ್ಥಿಂಗ್ ನೋಡಿ. ಮೈನಸ್ ದಾರಿ ಕೆಟ್ಟಾಗ ಕರೆಂಟು ಬೇರೆ ಬಲ್ಬಿನ ಮೂಲಕ ಹಿಂತಿರುಗುವ ದಾರಿ ಹುಡುಕುತ್ತದೆ. ಸಂಬಂಧವಿಲ್ಲದ ದೀಪ ಹತ್ತುವುದು ಅದಕ್ಕೇ.

ಖಚಿತ ಮಾಡಿಕೊಳ್ಳಲು ಒಂದು ಉದ್ದ ವೈರ್ ಸಾಕು. ಒಂದು ತುದಿ ಕಾರಿನ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಟ್ರೇಲರ್ ದೀಪದ ಮೈನಸ್ಸಿಗೆ. ತಾಗಿಸಿದೊಡನೆ ಎಲ್ಲ ಸರಿಹೋದರೆ ದೋಷ ಅರ್ಥಿಂಗಿನದ್ದೇ. ಯುರೋಪಿನ 7 ಪಿನ್ ಪ್ಲಗ್ ಇದ್ದರೆ, ಅಂದರೆ ಐಎಸ್‌ಒ 1724 ಪ್ರಕಾರದ್ದಾದರೆ, ಮೈನಸ್ ಇರುವುದು 3ನೇ ಪಿನ್ನಿನಲ್ಲಿ, ಬಿಳಿ ವೈರಿನಲ್ಲಿ. 1 ಎಡ ಇಂಡಿಕೇಟರ್, 4 ಬಲ ಇಂಡಿಕೇಟರ್, 6 ಬ್ರೇಕ್ ದೀಪ. ಸ್ಥಳೀಯವಾಗಿ ವೈರಿಂಗ್ ಮಾಡಿದ ಗಾಡಿಗಳಲ್ಲಿ ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ಪಿನ್ ನೋಡಿ.

ನಮ್ಮ ಗಾಡಿಯಲ್ಲಿ ದೋಷ ಸಿಕ್ಕಿದ್ದು ಚಾಸಿಸ್ಸಿಗೆ ವೈರ್ ಕೂರಿಸಿದ ಜಾಗದಲ್ಲಿ. ಬೋಲ್ಟು ಬಿಗಿಯಾಗಿಯೇ ಇತ್ತು, ವೈರಿನ ಉಂಗುರವೂ ಹೊಳೆಯುತ್ತಿತ್ತು. ಆದರೆ ಉಂಗುರದ ಕೆಳಗೆ ದಪ್ಪ ಕರಿ ಬಣ್ಣ ಹಾಗೇ ಇತ್ತು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಬೋಲ್ಟಿನ ತಿರುಪಿನ ಒಂದೆರಡು ಸುತ್ತಿನಲ್ಲಿ ತಾಗಿದಷ್ಟೇ ಸಂಪರ್ಕ. ಉಂಗುರ ತೆಗೆದು, ಅದರಗಲದ ಜಾಗವನ್ನು ಮರಳು ಕಾಗದದಲ್ಲಿ ಬಿಳಿ ಕಬ್ಬಿಣ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದರೆ ಕೆಲಸ ಮುಗಿಯಿತು.

ಇಂಡಿಕೇಟರ್ ಒಂದು ಕಡೆ ಮಾತ್ರ ಅವಸರದಲ್ಲಿ ಮಿಣುಕಿದರೆ ಆ ಕಡೆ ಬಲ್ಬು ಹೋಗಿದೆ, ಇಲ್ಲವೇ ಎಲ್‌ಇಡಿ ಹಾಕಿದ್ದಾರೆ. ಎಲ್‌ಇಡಿ ಕಡಿಮೆ ಕರೆಂಟು ಎಳೆಯುವುದರಿಂದ ಕೆಲವು ಕಾರುಗಳು ಬಲ್ಬು ಸುಟ್ಟಿದೆ ಎಂದೇ ತಿಳಿಯುತ್ತವೆ.

ಒಳಗಿನ 12 ವೋಲ್ಟ್ ಬ್ಯಾಟರಿ ಬೇಗ ಇಳಿಯುತ್ತಿದ್ದರೆ, ಕೆಲವು ಗಂಟೆ ಏನನ್ನೂ ಹಚ್ಚದೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದರೆ 12.6 ಅಥವಾ 12.7, ಅರ್ಧಕ್ಕೆ ಬಂದಾಗ ಸುಮಾರು 12.2 ತೋರಿಸುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ಕಾರಿನಿಂದ ಚಾರ್ಜ್ ಆಗುವ ಏರ್ಪಾಡಿದ್ದರೆ, ಎಂಜಿನ್ ಓಡುವಾಗ ಟ್ರೇಲರ್ ಬ್ಯಾಟರಿಯ ಮೇಲೆ 13ಕ್ಕಿಂತ ಹೆಚ್ಚು ಕಾಣಬೇಕು. ಕಾರಿನ ಬ್ಯಾಟರಿಯಲ್ಲಿ 14 ಇದ್ದು ಇಲ್ಲಿ ಕಾಣದಿದ್ದರೆ ನಡುವಿನ ವೈರ್ ಸಣ್ಣದಾಯಿತು, ಇಲ್ಲವೇ ಪಿನ್ನಿನಲ್ಲಿ ಕಿಲುಬು ಇದೆ.

ಎಳೆಯುವಾಗ ಹಿಂದೆ ತೊನೆದಾಟ

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದಾಗ ಗಾಡಿ ಒಮ್ಮೆ ಎಳೆದಂತಾಗಿ ನಿಂತರೆ ಅದು ಗಾಳಿಯ ಸೆಳೆತ. ನಿಲ್ಲದೆ ಎಡಬಲಕ್ಕೆ ತೊನೆಯುತ್ತಾ ಹೆಚ್ಚಾದರೆ ಮೂತಿಯ ಭಾರ, ಅಂದರೆ ಕಾರಿನ ಕೊಂಡಿಯ ಮೇಲೆ ಬೀಳುವ ಭಾರ, ಸಾಲದು. ಆ ಗಳಿಗೆಯಲ್ಲಿ ಬ್ರೇಕ್ ಒದೆಯಬೇಡಿ, ಸ್ಟೇರಿಂಗ್ ತಿರುವಬೇಡಿ. ಆಕ್ಸಿಲರೇಟರ್ ಬಿಟ್ಟು ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ.

ಒಟ್ಟು ತೂಕವನ್ನು ಮೆಕ್ಕೆಜೋಳದ ಲಾರಿಗಳು ತೂಗುವ ಯಾವುದೇ ವೇ ಬ್ರಿಡ್ಜಿನಲ್ಲಿ ನೋಡಬಹುದು. ಮೂತಿಯ ಭಾರಕ್ಕೆ ಅದು ನಡೆಯದು, ಅಷ್ಟು ಸೂಕ್ಷ್ಮ ಅದರಲ್ಲಿ ಬರುವುದಿಲ್ಲ. ಚೀಲ ತೂಗುವ ಸಣ್ಣ ತಕ್ಕಡಿಯ ಮೇಲೆ ಕೊಂಡಿ ಇಳಿಸಿ ನೋಡಿ. ಅಮೆರಿಕದ ರೂಢಿ ಒಟ್ಟು ತೂಕದ 10ರಿಂದ 15 ಶೇಕಡ, ಯುರೋಪಿನದು 5ರಿಂದ 7ರ ಆಸುಪಾಸು. ನಿಮ್ಮ ಕಾರಿನ ಕೊಂಡಿಗೆ ಬರೆದಿರುವ ಮಿತಿ ಇವೆರಡಕ್ಕಿಂತಲೂ ಮುಖ್ಯ. ಭಾರದ ಸಾಮಾನು ಆಕ್ಸಲ್ ಮೇಲೆ ಬರಲಿ. ನೀರಿನ ಟ್ಯಾಂಕು ಆಕ್ಸಲ್ಲಿನ ಹಿಂದಿದ್ದರೆ ಖಾಲಿ ಮಾಡಿಕೊಂಡೇ ಎಳೆಯಿರಿ.

ಕೊಂಡಿಯಲ್ಲಿ ಕಟಕಟ ಸದ್ದು ಬಂದರೆ ಗುಂಡಿನ ಅಳತೆ ನೋಡಿ. ಕಾರಿನ ಕಡೆಯ ಗುಂಡು 50 ಮಿ.ಮೀ. ಇದ್ದು ಅದರ ಮೇಲೆ ಕೂರುವ ಟ್ರೇಲರಿನ ಬಟ್ಟಲು 2 ಇಂಚಿನದಾಗಿದ್ದರೆ, ಅಂದರೆ 50.8 ಮಿ.ಮೀ.ದಾಗಿದ್ದರೆ, ಕಣ್ಣಿಗೆ ಕಾಣದಷ್ಟು ಸಡಿಲ ಉಳಿಯುತ್ತದೆ. ಎರಡರ ಮೇಲೂ ಅಳತೆ ಅಚ್ಚೊತ್ತಿರುತ್ತದೆ.

ಮೊದಲ 50ರಿಂದ 100 ಕಿ.ಮೀ. ಆದ ಮೇಲೆ ಗಾಲಿ ನಟ್ಟು, ಸ್ಪ್ರಿಂಗ್ ಪಟ್ಟಿಯ ಯು-ಬೋಲ್ಟು ಮತ್ತೆ ಬಿಗಿಯಬೇಕು. ಅಂದರೆ ಚಿತ್ರದುರ್ಗದಿಂದ ದಾವಣಗೆರೆಗೆ ಹೋದ ಮೊದಲ ಓಟದಲ್ಲೇ ಅದು ಬಂತು. ನಿಂತಾಗ ಎರಡೂ ಗಾಲಿಗಳ ನಡುವಿನ ಹಬ್ಬುಗಳ ಹತ್ತಿರ ಅಂಗೈ ಒಯ್ದು, ಆಮೇಲೆ ಮೆಲ್ಲಗೆ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಮುಟ್ಟಲಾಗದಷ್ಟು ಕಾದಿದ್ದರೆ ಬೇರಿಂಗ್ ಅತಿಬಿಗಿಯಾಗಿದೆ ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಆ ಸ್ಥಿತಿಯಲ್ಲಿ ಮುಂದೆ ಎಳೆಯಬೇಡಿ.

ನೀರು, ಗ್ಯಾಸು

ಪಂಪು ಓಡುತ್ತದೆ, ನೀರು ಬರುವುದಿಲ್ಲ ಎಂದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ. ಜಾಲರಿಯ ವಾಷರ್ ಮೊದಲು ನೋಡಿ. ನಲ್ಲಿ ಮುಚ್ಚಿದ್ದರೂ ಪಂಪು ಆಗಾಗ ಗುರ್ ಅಂದರೆ ಪಂಪಿನಿಂದ ನಲ್ಲಿಯವರೆಗೆ ಎಲ್ಲೋ ಸೋರಿಕೆ. ಗಡಸು ಬೋರ್ ನೀರು ತುಂಬಿದರೆ ಜಾಲರಿ, ನಲ್ಲಿಮೂತಿಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ವಿನೆಗರ್‌ನಲ್ಲಿ ನೆನೆಸಿಟ್ಟು ತೊಳೆಯಿರಿ.

ಗಾಡಿ ಕುಲುಕಿ ಬಂದ ಪ್ರತಿ ಸಲವೂ ಗ್ಯಾಸಿನ ಕೂಡುಗಳಿಗೆ ಸೋಪಿನ ನೊರೆ ಹಚ್ಚಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಶೇಖರವಾಗುತ್ತದೆ. ಆದ್ದರಿಂದ ತಳದ ಗಾಳಿಕಿಂಡಿಯನ್ನು ದೂಳು ಬರುತ್ತದೆಂದು ಮುಚ್ಚಬೇಡಿ. ವಾಸನೆ ಬಂದರೆ ಸಿಲಿಂಡರ್ ಮುಚ್ಚಿ, ಸ್ವಿಚ್ ಯಾವುದನ್ನೂ ಮುಟ್ಟದೆ ಎಲ್ಲರೂ ಹೊರಗೆ ಬನ್ನಿ. ತುರ್ತು ಸಂಖ್ಯೆ 1906.

ದೋಷ ನಿಜವಾಗಿಯೂ ಮಾರಿದವರದ್ದಾದರೆ

ಮಟ್ಟವಾದ ನೆಲದಲ್ಲೂ ಬಾಗಿಲ ಅಳತೆ ಹೊಂದುತ್ತಿಲ್ಲ, ಹೊಸ ಕಂಬ ಬಾಗಿಯೇ ಬಂದಿದೆ, ನೆನೆಸಿ ಒಣಗಿಸಿದ ಮೇಲೂ ಹೊಲಿಗೆ ಸೋರುತ್ತದೆ: ಇಂಥವಕ್ಕೆ ನಿಮ್ಮ ಕೈಯಿಂದ ದುಡ್ಡು ಹಾಕಬೇಡಿ. ಚಿತ್ರ ತೆಗೆಯುವಾಗ ರಸಮಟ್ಟದ ಗುಳ್ಳೆಯೂ ಟೇಪಿನ ಅಂಕಿಯೂ ಅದೇ ಚೌಕಟ್ಟಿನಲ್ಲಿ ಬರಲಿ. "ನೀವು ನಿಲ್ಲಿಸಿದ ರೀತಿ ಸರಿಯಿಲ್ಲ" ಎಂಬ ಉತ್ತರಕ್ಕೆ ಆಗ ಜಾಗ ಉಳಿಯುವುದಿಲ್ಲ. ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ಬರಹದಲ್ಲೂ ಕಳಿಸಿ. ಅವರು ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು 2 ವರ್ಷದ ಅವಧಿ ಇದೆ, ಮತ್ತು ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಮಾರಿದವರ ಊರಿಗೆ ಅಲೆಯಬೇಕಿಲ್ಲ.